ಮುಚ್ಚಿಕೊಳ್ಳದ ಅಂಚು

ಜೂನ್ 3, ಬೆಳಿಗ್ಗೆ

ಮತ್ತೆ ಅಳತೆ. ಆನೆ ಬುವಾಳ ಮುಂಗಾಲಿನ ಗಾಯ ಹೋದ ವಾರದಷ್ಟೇ ಇದೆ. ಬಿದಿರಿನ ಕೂಳೆ ಚುಚ್ಚಿದ್ದು ಏಪ್ರಿಲ್‌ನಲ್ಲಿ. ಇಷ್ಟು ಹೊತ್ತಿಗೆ ಅಂಚಿನ ಚರ್ಮಕೋಶಗಳು ಎರಡೂ ಕಡೆಯಿಂದ ತೆವಳಿಕೊಂಡು ಬಂದು ಒಂದನ್ನೊಂದು ಮುಟ್ಟಬೇಕಿತ್ತು. ಮುಟ್ಟಿದ ಕೂಡಲೇ ನಿಲ್ಲುತ್ತವೆ. ಇಲ್ಲಿ ಹೊರಟೇ ಇಲ್ಲ. ಅಂಚು ದಪ್ಪಗೆ ಹೊರಳಿ ಕೂತಿದೆ.

ಕೇಪೋ ಬಕೆಟ್ ಹಿಡಿದು ನಿಂತಿದ್ದ. ಕರೆನ್ ಬುಡಕಟ್ಟಿನ ಮಾವುತ, ಬುವಾ ಮರಿಯಾಗಿದ್ದಾಗಿನಿಂದ ಅವಳ ಜೊತೆ. ಸೋಂಕು ಎಲುಬಿಗೆ ಇಳಿದರೆ ಆನೆ ಮಲಗುತ್ತದೆ. ಮಲಗಿದ್ದು ಏಳುವುದಿಲ್ಲ. ಅವನಿಗೂ ಗೊತ್ತು.

ಜೂನ್ 4

ಚಿಯಾಂಗ್‌ಮಾಯ್‌ನಿಂದ ಅತ್ತಿಗೆಯ ಫೋನ್. ವಿರಾತ್‌ನ ಸಾವಿನ ನೂರನೇ ದಿನದ ದಾನ ಭಾನುವಾರ, ಭಿಕ್ಷುಗಳಿಗೆ ಹೇಳಿಯಾಗಿದೆ. ಗಂಡನ ದಾನಕ್ಕೆ ಹೆಂಡತಿಯೇ ಇಲ್ಲದಿದ್ದರೆ ಹೇಗೆ ಅಂದಳು. ಆನೆ ಇದೆ ಅಂದೆ. ಫೋನ್ ಇಟ್ಟಳು.

ಅಂಟನ್ನ, ಒಣಮೀನು. ಅರ್ಧ ಬಿಟ್ಟೆ.

ಜೂನ್ 9

ಅಂಚಿನಿಂದ ಒಂದು ಚೂರು ಕೊಯ್ದು ಸ್ಲೈಡ್ ಮಾಡಿದೆ. ಕಸ ನುಂಗುವ ದೊಡ್ಡ ಕೋಶಗಳು ನುಂಗಿ ಮುಗಿಸಿ ಜಾಗ ಬಿಡಬೇಕು, ಆಮೇಲೆ ನಾರು ನೇಯುವವು ಬರಬೇಕು. ಇವು ಬಿಟ್ಟೇ ಇಲ್ಲ. ನುಂಗಲಾಗದ್ದೇನನ್ನೋ ಸುತ್ತುವರಿದು, ಒಂದರೊಳಗೊಂದು ಬೆರೆತು ದೈತ್ಯಕೋಶವಾಗಿವೆ. ನಡುವೆ ಹೊಳೆಯುವ ಎಳೆ.

ಹತ್ತಿ. ನಾನು ಒಳಗೆ ಏನೂ ತುರುಕಿಲ್ಲ...

ಜೂನ್ 10

ಕೇಪೋನನ್ನು ಕೇಳಿದೆ. ಬುವಾಳ ಕಿವಿಯ ಹಿಂದೆ ಕೆರೆಯುತ್ತ ಹೇಳಿದ. ಪೆಟ್ಟಾದ ದಿನ, ಜೀವ ಬೆದರಿ ಮೈಬಿಟ್ಟು ಓಡಿಹೋಗದಿರಲೆಂದು ಕಾಲಿಗೆ ಬಿಳಿ ದಾರ ಕಟ್ಟಿದ್ದ. ಕೆಸರಿನಲ್ಲಿ ಅದು ಕಡಿದು ಬಿತ್ತು. ಜೀವ ಕಟ್ಟಿದ ದಾರವನ್ನು ಎಸೆಯುವಂತಿಲ್ಲ. ಸುರುಳಿ ಸುತ್ತಿ ಗಾಯದೊಳಕ್ಕೇ ಇಟ್ಟ.

"ಜೀವ ಹೊರಗೆ ಹೋಗೋ ಬಾಗ್ಲು ಅದೇ ಅಲ್ವಾ ಡಾಕ್ಟ್ರಮ್ಮ. ಅಲ್ಲೇ ಇಟ್ರೆ ಹೋಗಲ್ಲ ಅಂದ್ಕೊಂಡೆ."

ತೆಗೆಯಬೇಕು ಅಂದೆ.

"ತೆಗೆದ್ರೆ ಕಾಲು ಉಳಿಯುತ್ತೆ. ಬುವಾ?"

ಅವನ ಹೆಂಡತಿ ಮೂವಾ ಸೌದೆ ಒಟ್ಟುತ್ತ ಅಲ್ಲಿಂದಲೇ ಅಂದಳು: "ಮದ್ವೇಲಿ ನನ್ ಕೈಗೆ ಕಟ್ಟಿದ್ ದಾರ ಒಂದ್ ವಾರ ಬಾಳ್ಲಿಲ್ಲ. ನಾನೇನು ಓಡಿಹೋದ್ನಾ? ಇವನ ಗೊರಕೆ ಕೇಳ್ಕೊಂಡು ಇಲ್ಲೇ ಬಿದ್ದಿದೀನಿ."

ಅವನು ನಗಲಿಲ್ಲ. ಸಂಜೆ ಬಂದು ಒಪ್ಪಿದ. ಒಂದೇ ಮಾತು — ತೆಗೆದವರೇ ಜೀವವನ್ನು ಹಿಂದಕ್ಕೆ ಕರೆಯಬೇಕು. ಆಯಿತು ಅಂದೆ. ಈಚೆಗೆ ಎಲ್ಲದಕ್ಕೂ ಆಯಿತು ಅನ್ನುತ್ತೇನೆ.

ಜೂನ್ 12

ತೆಗೆದೆ. ಕಪ್ಪಾದ ಸುರುಳಿ, ಸುತ್ತ ಕೀವು. ಕೇಪೋ ಬಾಳೆಲೆಯಲ್ಲಿ ಇಸಿದುಕೊಂಡು ಹೋದ.

ಜೂನ್ 30

ಹರಳು ಹರಳಾದ ಕೆಂಪು ಮಾಂಸ ತುಂಬಿದೆ. ಅಂಚಿನಲ್ಲಿ ತೆಳ್ಳನೆ ಮಾಸಲು ಗೆರೆ. ಕೋಶಗಳು ಹೊರಟಿವೆ.

ಆದರೆ ಬುವಾ ತಿನ್ನುವುದಿಲ್ಲ. ಕಬ್ಬನ್ನು ಸೊಂಡಿಲಲ್ಲಿ ಹಿಡಿದುಕೊಂಡು ನಿಲ್ಲುತ್ತಾಳೆ, ಅಷ್ಟೇ. ಜ್ವರವಿಲ್ಲ, ರಕ್ತ ಸರಿಯಾಗಿದೆ. ಕೇಪೋ ಕೂಗಿದರೆ ತಿರುಗುವುದಿಲ್ಲ. ನೀವಿನ್ನೂ ಕರೆದಿಲ್ಲ ಅಂದ. ಮುಂದಿನ ವಾರ ಅಂದೆ.

ಜುಲೈ 16, ಸಂಜೆ

ಗಾಯ ಮುಚ್ಚಿದೆ. ಹೊಸ ಚರ್ಮಕ್ಕೆ ಸೂಜಿಮೊನೆ ತಾಗಿಸಿದೆ. ಕಾಲು ಎಳೆದುಕೊಳ್ಳಲಿಲ್ಲ. ನರಗಳು ಕೊನೆಗೆ ಬರುತ್ತವೆ. ಕೆಲವು ಬರುವುದೇ ಇಲ್ಲ.

ಬೆನ್ನುಮೂಳೆ ಎದ್ದು ಕಾಣುತ್ತಿದೆ. ಹೀಗೇ ಇದ್ದರೆ ಈ ತಿಂಗಳು ದಾಟುವುದಿಲ್ಲ.

ಮೂವಾ ಅನ್ನ, ಬೇಯಿಸಿದ ಮೊಟ್ಟೆ, ಹೊಸ ದಾರ ತಂದಿಟ್ಟಳು. ಕೇಪೋ ಮರದ ಸೌಟನ್ನು ನನ್ನ ಕೈಗೆ ಕೊಟ್ಟ. ಅದರಿಂದ ಮನೆಯ ಏಣಿಗೆ ತಟ್ಟುತ್ತ ಕರೆಯಬೇಕು.

"ಸುಮ್ನೆ ಬಾಯಲ್ಲಿ ಅಂದ್ರೆ ಬರಲ್ಲ ಡಾಕ್ಟ್ರಮ್ಮ. ಬೇಕು ಅನ್ನೋರು ಕರೆದ್ರೆ ಬರುತ್ತೆ."

ಮಾತು ಕಷ್ಟದ್ದಲ್ಲ. ಮೂವಾ ಮೊದಲೇ ಹೇಳಿಕೊಟ್ಟಿದ್ದಳು. ಕಾಡಲ್ಲಿರಬೇಡ, ಹೊಳೆಯಲ್ಲಿರಬೇಡ, ಸತ್ತವರ ಹಿಂದೆ ಹೋಗಬೇಡ, ಮನೆಗೆ ಬಾ.

ತಟ್ಟಿದೆ. ಕಾಡಲ್ಲಿರಬೇಡ ಅಂದೆ. ಹೊಳೆಯಲ್ಲಿರಬೇಡ ಅಂದೆ. ಮೂರನೆಯ ಮಾತಿಗೆ ವಿರಾತ್ ಅಡ್ಡ ನಿಂತ — ಸೌಟು ಮಾತ್ರ ತಟ್ಟುತ್ತಲೇ ಇತ್ತು. ಬುವಾ ಕಿವಿ ಬೀಸುವುದು ನಿಂತಿತು. ತಿರುಗಿ ನೋಡಿದಳು. ಹೇಳಿ, ಅಂದ ಕೇಪೋ, ಮೆಲ್ಲಗೆ. ನಾನು ಮತ್ತೆ ಮೊದಲಿನಿಂದ ಶುರು ಮಾಡಿದೆ.