ಒಂದು ಗಂಟೆಯ ಜಗಳ

ಮಾರ್ಚ್ 3, ಮಂಗಳವಾರ

ಬೆಳಗ್ಗೆಯಿಂದ ಎಂಟು ಫ್ಲೆಕ್ಸ್ ಡಿಸೈನ್. ಏಳರಲ್ಲಿ 'ಶುಭಾಶಯ' ತಪ್ಪು. ಆರನ್ನು ಸದ್ದಿಲ್ಲದೆ ತಿದ್ದಿದೆ. ಏಳನೆಯವನು ಮುಟ್ಟಬೇಡಿ ಎಂದು ಹಟ ಹಿಡಿದ — "ನಮ್ಮ ಹುಡುಗರೆಲ್ಲಾ ಹೀಗೇ ಬರೆಯೋದು ಮೇಡಂ." ಹಾಳಾಗಿ ಹೋಗಲಿ ಎಂದು ಹಾಗೇ ಪ್ರಿಂಟಿಗೆ ಬಿಟ್ಟೆ.

ಒಂದು ಗಂಟೆಗೆ ಡಬ್ಬಿ ಬಿಚ್ಚಿದೆ, ಫೋನಿನಲ್ಲಿ ಗುಂಪು ತೆರೆದೆ. ಸರಿಗನ್ನಡದ ಗುಂಪು. ಒಂಬತ್ತು ಸಾವಿರ ಜನ, ಕೆಲಸ ಇರುವವರು ಒಬ್ಬರೂ ಇದ್ದಂತಿಲ್ಲ. ಪೂರ್ಣವಿರಾಮ ಆಗಲೇ ಕಾದು ಕೂತಿದ್ದರು. ಅಲ್ಲಿ ಅವರ ಹೆಸರು ಅದು, ನನ್ನದು ಕುಂಚ; ಬೋರ್ಡ್ ಕೆಲಸದವಳೆಂದು ಅವರ ಬಾಯಲ್ಲಿ ಬೋರ್ಡಮ್ಮ. ಮುಖ ನೋಡಿಲ್ಲ, ಊರು ಗೊತ್ತಿಲ್ಲ. ನಾಲ್ಕು ವರ್ಷದಿಂದ ದಿನಾ ಇದೇ ಹೊತ್ತಿಗೆ ಜಗಳ. ಇವತ್ತು ಯಾವುದೋ ಮಾತಿಗೆ 'ಗಾಯದ ಮೇಲೆ ಉಪ್ಪು ಸವರಿದಂತೆ' ಎಂದು ಬರೆದಿದ್ದೆ. ಕೆಳಗೆ ಒಂದೇ ಪದ, ಕೊನೆಗೊಂದು ಚುಕ್ಕಿ: "ತಪ್ಪು." ಅದು ಅವರ ಸಹಿ ಇದ್ದ ಹಾಗೆ. ಆಮೇಲೆ ಪುರಾಣ ಶುರು — ಗಾಯದ ಮೇಲೆ ಎಳೆಯುವುದು ಬರೆ, ಬೋರ್ಡಮ್ಮನವರೇ, ಉಪ್ಪು ನಿಮ್ಮ ಅಡುಗೆಮನೆಯಲ್ಲಿರಲಿ. ಎರಡೂ ಬಳಕೆಯಲ್ಲಿವೆ ಎಂದೆ. ಬಳಕೆಯಲ್ಲಿರುವುದೆಲ್ಲ ಸರಿ ಎನ್ನುವುದಾದರೆ ಲಂಚವೂ ಸರಿ ಎಂದರು. ಮೈಯೆಲ್ಲ ಉರಿದುಹೋಯಿತು. ಊಟ ಮಾತ್ರ ಚೆನ್ನಾಗಿ ಸೇರಿತು.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಹೊಲಿಗೆ ಮಷಿನ್ನಿನಿಂದ ತಲೆ ಎತ್ತಲಿಲ್ಲ. "ಊರವರ ಬಾಯಿ ತೊಳೆಯೋಕೆ ಹೊರಟಿದ್ದೀಯಲ್ಲ, ಮೊದಲು ನಿನ್ನ ಡಬ್ಬಿ ತೊಳಿ."

ಮಾರ್ಚ್ 5, ಗುರುವಾರ

ಇವತ್ತು ಗುಂಪಿನಲ್ಲಿ ಹಬ್ಬ. ಪೂರ್ಣವಿರಾಮ ತಪ್ಪು ಮಾಡಿದರು. ಯಾರಿಗೋ ಬುದ್ಧಿ ಹೇಳಲು ಹೋಗಿ — "ಕುಣಿಯಲಾರದವಳು ನೆಲ ಕಿಟಕಿ ಎಂದಳಂತೆ." ಡೊಂಕು ಅಲ್ಲ. ಕಿಟಕಿ.

ಐದು ನಿಮಿಷದಲ್ಲಿ ಇನ್ನೂರು ನಗು. ಇಷ್ಟು ವರ್ಷ ಅವರಿಂದ ಬೈಸಿಕೊಂಡವರೆಲ್ಲ ಒಟ್ಟಿಗೆ ಎದ್ದು ಕೂತರು. ಕಿಟಕಿಗಳ ಫೋಟೊ ಮೇಲೆ ಫೋಟೊ — ಬಸ್ಸಿನ ಕಿಟಕಿ, ಬಚ್ಚಲ ಕಿಟಕಿ, ಗಾಜು ಒಡೆದ ಕಿಟಕಿ. ನಾನೇನು ಸಾಚಾ ಅಲ್ಲ. ಅಂಗಡಿಯ ಕಿಟಕಿಯ ಫೋಟೊ ತೆಗೆದು ಹಾಕಿದೆ. ಕೆಳಗೆ 'ತಪ್ಪು.' ಎಂದು ಬರೆದು ಚುಕ್ಕಿಯನ್ನೂ ಇಟ್ಟೆ. ಹೊಟ್ಟೆ ತಣ್ಣಗಾಯಿತು.

ಒಂದೇ ವಿಚಿತ್ರ. ಆ ಮನುಷ್ಯ ಒಪ್ಪಲಿಲ್ಲ, ಜಾರಿಕೊಳ್ಳಲೂ ಇಲ್ಲ. "ಸರಿಯಾಗಿಯೇ ಬರೆದಿದ್ದೇನೆ. ನಗುವುದೇಕೆ." ನಾಲ್ಕು ಸಲ ಅದನ್ನೇ ಬರೆದರು. ತಪ್ಪು ಕಣ್ಣಿಗೇ ಬೀಳುತ್ತಿಲ್ಲವೇನೋ ಎಂಬಂತೆ...

ಮಾರ್ಚ್ 6, ಶುಕ್ರವಾರ, ಮಧ್ಯಾಹ್ನ 1.25

ಊಟ ಇಳಿಯಲಿಲ್ಲ. ಇವತ್ತು ಅವರು ಬರೆದದ್ದು: "ನಿಮಗೆ ನಿಮಗೆ ವ್ಯಾಕರಣ ದಿಂಬು ಬರುವುದಿಲ್ಲ". ಚುಕ್ಕಿ ಇಲ್ಲ.

ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಪಂಡಿತರು ಹಗಲಲ್ಲೇ ಏರಿಸಿದ್ದಾರೆ ಎನ್ನುತ್ತಿದ್ದಾರೆ. ನನಗೆ ಅಪ್ಪ ನೆನಪಾದರು.

ಅಪ್ಪನ ಆ ವಿಷಯ ಎಲ್ಲೂ ಬರೆಯಬಾರದು ಎಂದುಕೊಂಡಿದ್ದೆ. ಬರೆದುಬಿಡುತ್ತೇನೆ. ಅಪ್ಪ ಕುಂಚ ಹಿಡಿದು ಬೋರ್ಡ್ ಬರೆಯುತ್ತಿದ್ದವರು. ನಲವತ್ತು ವರ್ಷದಲ್ಲಿ ಒಂದು ಅಕ್ಷರ ತಪ್ಪಿದವರಲ್ಲ. ಒಂದು ದಿನ 'ಬೀಗ ರಿಪೇರಿ' ಎಂದು ಬರೆಯಬೇಕಾದ ಕಡೆ 'ಬೀಗ ಬೀಗ ಹಾಲು' ಎಂದು ಬರೆದರು. ಕೇಳಿದರೆ, ಸರಿಯಾಗೇ ಇದೆಯಲ್ಲ ಎಂದರು. ನಾನು ನಕ್ಕೆ. ಬಟ್ಟೆಗೆ ಥಿನ್ನರ್ ಹಾಕಿ ಒರೆಸಿ, ತಿದ್ದಿ ಬರೆದೆ. "ವಯಸ್ಸಾಯ್ತು ಅಪ್ಪಾ ನಿಮಗೆ" ಎಂದೆ. ಮೂರನೆಯ ದಿನ ಏಣಿಯ ಬುಡದಲ್ಲಿ ಬಿದ್ದಿದ್ದರು. ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತಂತೆ. "ಮಾತಲ್ಲಿ ವ್ಯತ್ಯಾಸ ಏನೂ ಕಾಣಲಿಲ್ವಾ ಮೊದಲೇ?" ಎಂದು ಡಾಕ್ಟರ್ ಕೇಳಿದರು. ಕಂಡಿತ್ತು. ತಿದ್ದಿದ್ದೆ.

ಈ ಮನುಷ್ಯನಿಗೆ ಇದು ಎರಡನೆಯ ದಿನ. ಹೆದರಿಕೆಯಾಗುತ್ತಿದೆ.

ಅದೇ ದಿನ, ಸಂಜೆ 4.10

ನಾಲ್ಕು ವರ್ಷದಲ್ಲಿ ಮೊದಲ ಸಲ ಅವರಿಗೊಬ್ಬರಿಗೇ ಮೆಸೇಜ್ ಮಾಡಿದೆ. "ಇದು ಜಗಳ ಅಲ್ಲ. ಕನ್ನಡಿ ಮುಂದೆ ನಿಂತು ಹಲ್ಲು ಬಿಟ್ಟು ನಕ್ಕು ನೋಡಿ, ಬಾಯಿ ಒಂದು ಕಡೆ ವಾಲಿದೆಯಾ. ಎರಡೂ ಕೈ ಎತ್ತಿ ನೋಡಿ. ಏನಿದ್ದರೂ ಈಗಲೇ ಆಸ್ಪತ್ರೆಗೆ ಹೋಗಿ, ದಮ್ಮಯ್ಯ." ಓದಿದ ಗುರುತು ಬಂತು. ಉತ್ತರ ಇಲ್ಲ.

ಗುಂಪಿನ ಅಡ್ಮಿನ್‌ಗೂ ಬರೆದೆ, ಇವರ ನಂಬರ್ ಅಥವಾ ವಿಳಾಸ ಇದೆಯಾ ಎಂದು. "ಇಲ್ಲ ಮೇಡಂ. ಏನು, ಇದ್ದಕ್ಕಿದ್ದಂತೆ ಇಷ್ಟು ಅಕ್ಕರೆ?" ಪಕ್ಕದಲ್ಲಿ ಕಣ್ಣು ಹೊಡೆಯುವ ಗೊಂಬೆ. ಅವನ ತಲೆ.

ನನಗೆ ಗೊತ್ತಿರುವುದೆಲ್ಲ ಜಗಳದ ನಡುವೆ ಬಾಯಿ ತಪ್ಪಿ ಬಂದದ್ದು. ಒಬ್ಬರೇ ಇರುತ್ತಾರೆ. ಮಗಳು ದೂರದಲ್ಲಿ. ಮೊದಲ ಮಹಡಿಯ ಮನೆ, ಕೆಳಗೆ ಮೆಡಿಕಲ್ ಶಾಪ್. ಅದರ ಬೋರ್ಡಿನಲ್ಲಿ 'ಔಷದಿ' ಎಂದಿದೆ. ತಿದ್ದಿಸು ಎಂದು ಇವರು ಆರು ವರ್ಷದಿಂದ ದಿನಾ ಹೋಗಿ ಜಗಳ ಆಡುತ್ತಾರೆ, ಅಂಗಡಿಯವನು ಜಗ್ಗುವುದಿಲ್ಲ. ಇಷ್ಟೇ. ಇಷ್ಟು ಇಟ್ಟುಕೊಂಡು ಯಾರನ್ನು ಹುಡುಕಲಿ?

ಮಾರ್ಚ್ 7, ಶನಿವಾರ, ಬೆಳಗ್ಗೆ 10

ನನ್ನ ಮೆಸೇಜಿನ ಸ್ಕ್ರೀನ್‌ಶಾಟ್ ಗುಂಪಿಗೆ ಹಾಕಿದ್ದಾರೆ. ಮೇಲೆ — "ಬೋರ್ಡಮ್ಮ ನನ್ನ ಹಲ್ಲು ನೋಡಬೇಕು ನೋಡಬೇಕು ದಿಂಬು". ಕೆಳಗೆ ಮುನ್ನೂರು ಕಾಮೆಂಟ್. ಕುಂಚಕ್ಕೆ ಪ್ರೀತಿ ಹುಟ್ಟಿದೆ. ಹಲ್ಲಿನ ಡಾಕ್ಟರಮ್ಮ. ಪ್ರಿಂಟಿಂಗ್ ಮಷಿನ್ ನೋಡಿಕೊಳ್ಳುವವರು ಕೂಡ ಓದಿ ಮುಖ ತಿರುಗಿಸಿಕೊಂಡು ನಕ್ಕರು. ಮಾನ ಹೋದರೆ ಹೋಗಲಿ. 'ದಿಂಬು' ಯಾರಿಗೂ ಕಾಣುತ್ತಿಲ್ಲವಲ್ಲ, ಅದಕ್ಕೆ ಅಳು ಬರುತ್ತಿದೆ.

ಅಕ್ಕನಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ.

"ನೀನು ಹೇಳಿದ್ದನ್ನ ಆಯಪ್ಪ ಯಾವತ್ತಾದ್ರೂ ಕೇಳಿದಾನಾ?"

"ಇಲ್ಲ."

"ಮತ್ತೆ ಇವತ್ತು ಕೇಳ್ತಾನಾ? ಉಪಕಾರ ಮಾಡೋಕೆ ಹೋಗಬೇಡ. ಜಗಳ ತೆಗಿ. ಜಗಳಕ್ಕಾದ್ರೆ ಎಲ್ಲಿದ್ದರೂ ಎದ್ದು ಬರ್ತಾನೆ."

ಅದೇ ದಿನ, 12.50

ಗುಂಪಿನಲ್ಲಿ ಎಲ್ಲರ ಮುಂದೆ ಬರೆದೆ. "ಪೂರ್ಣವಿರಾಮದವರೇ, ಮೀಸೆ ಇದ್ದರೆ ಈಗಲೇ ಕೆಳಗಿನ ಮೆಡಿಕಲ್‌ಗೆ ಹೋಗಿ. ಗಾಯದ ಮೇಲೆ ಬರೆ ಏಕೆ ಸರಿ ಎಂದು ಆ ಅಂಗಡಿಯವನ ಎದುರು ಜೋರಾಗಿ ಹೇಳಿ. ಆಮೇಲೆ ಫೋನ್ ಅವನ ಕೈಗೆ ಕೊಡಿ, ನನ್ನ ವಾದ ಕಳಿಸಿದ್ದೇನೆ, ಅವನೇ ಓದಲಿ. ನಿಮ್ಮದೇ ಸರಿ ಎಂದರೆ ನಾನು ಸೋತೆ, ಗುಂಪು ಬಿಡುತ್ತೇನೆ. ಹೋಗದಿದ್ದರೆ ನೀವು ಔಷದಿಯವನಿಗೂ ಹೆದರುವ ಪುಕ್ಕಲು."

ಅವರಿಗೊಬ್ಬರಿಗೇ ಕಳಿಸಿದ ಆ ಮೆಸೇಜಿನಲ್ಲಿ ವಾದ ಇಲ್ಲ. "ಅಂಗಡಿಯವರೇ, ಇವರ ಮಾತು ಮೂರು ದಿನದಿಂದ ತಪ್ಪುತ್ತಿದೆ. ಸ್ಟ್ರೋಕ್ ಇರಬಹುದು. ನಿಮ್ಮ ಕಾಲಿಗೆ ಬೀಳುತ್ತೇನೆ, ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ." ನನ್ನ ನಂಬರ್. ಇವರೇ ತೆರೆದು ಓದಿದರೆ ಎಲ್ಲ ಕೆಟ್ಟಿತು. ಆದರೆ ನನ್ನ ವಾದವನ್ನು ಅವರು ಪೂರ್ತಿ ಓದಿದ್ದು ಯಾವಾಗ?

1.12

ಉತ್ತರ ಬಂತು. "ಇಳಿ ಇಳಿವೆ"

ಅಷ್ಟೇ.

2.40

ಏನೂ ಇಲ್ಲ. ಒಂದು ಫ್ಲೆಕ್ಸ್ ಅಳತೆ ತಪ್ಪಿಸಿದೆ, ಹತ್ತಡಿ ಹಾಳು. ಧಣಿ ಬೈದರು. ಯಾರಿಗೆ ಬೈದರೋ ಎನ್ನುವ ಹಾಗೆ ನಿಂತಿದ್ದೆ.

ಮಾರ್ಚ್ 8, ಭಾನುವಾರ

ಮೆಟ್ಟಿಲು.

ಬೆಳಗ್ಗೆ ಹಲ್ಲುಜ್ಜುವಾಗ ಹೊಳೆಯಿತು. ಬ್ರಷ್ ಬಾಯಲ್ಲಿಟ್ಟುಕೊಂಡೇ ಕೂತುಬಿಟ್ಟೆ. ಮೊದಲ ಮಹಡಿ. ಕೈಕಾಲು ಹಿಡಿತದಲ್ಲಿ ಇವೆಯೋ ಇಲ್ಲವೋ ತಿಳಿಯದ ಮುದುಕರನ್ನು ಕೆಣಕಿ, ಪುಕ್ಕಲು ಎಂದು ಹಂಗಿಸಿ, ಮೆಟ್ಟಿಲು ಇಳಿಸಿದೆ. ಸಿಟ್ಟಿನಲ್ಲಿ ಇಳಿಸಿದೆ. ಅಪ್ಪನ ಏಣಿ ಕಣ್ಣಮುಂದೆ ಇದ್ದೂ ಮೆಟ್ಟಿಲು ತಲೆಗೆ ಬರಲಿಲ್ಲ.

ಅಕ್ಕನಿಗೆ ಹೇಳಿದೆ. ಅವಳ ಮಷಿನ್ ನಿಂತಿತು. "ಜಗಳ ತೆಗಿ ಅಂದಿದ್ದು ನಾನು ಕಣೇ. ಪಾಪ ಸುತ್ತಿಕೊಂಡ್ರೆ ಅರ್ಧ ನಂದು." ಸಮಾಧಾನಕ್ಕೆ ಹೇಳಿದ ಮಾತು. ಅವಳ ಮುಖವೂ ಬಿಳಿಚಿಕೊಂಡಿತ್ತು.

ಮಾರ್ಚ್ 12, ಗುರುವಾರ

ಐದು ದಿನ. ಪೂರ್ಣವಿರಾಮ ಇಲ್ಲ. ಗುಂಪಿನವರಿಗೆ ಕಿಟಕಿ ಹಳಸಿತು, ಬೇರೆ ಯಾರನ್ನೋ ಹಿಡಿದಿದ್ದಾರೆ.

ಊಟದ ಹೊತ್ತಿನಲ್ಲಿ ಮ್ಯಾಪಿನಲ್ಲಿ ಮೆಡಿಕಲ್ ಶಾಪ್‌ಗಳ ಫೋಟೊ ನೋಡುತ್ತೇನೆ. 'ಔಷದಿ' ಎಂದು ಬರೆದವು ಹನ್ನೊಂದು ಸಿಕ್ಕವು. ಒಂಬತ್ತಕ್ಕೆ ಫೋನ್ ಮಾಡಿದೆ. "ನಿಮ್ಮ ಅಂಗಡಿ ಮೇಲೆ ವಯಸ್ಸಾದವರು ಒಬ್ಬರು ಇದ್ದಾರಾ? ಬೋರ್ಡ್ ಸರಿ ಇಲ್ಲ ಅಂತ ದಿನಾ ಬೈಯೋರು?" ಒಬ್ಬ, ನಮ್ಮ ಬೋರ್ಡಿಗೇನಾಗಿದೆ ಎಂದು ನನಗೇ ಬೈದ. ಇನ್ನೊಬ್ಬ ಫೋನ್ ಇಟ್ಟ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತುವುದಕ್ಕೂ ಭಯ, ಎತ್ತದಿರುವುದಕ್ಕೂ ಭಯ.

ಮಾರ್ಚ್ 15, ಭಾನುವಾರ, ಬೆಳಗ್ಗೆ 11

ಇದ್ದಾರೆ. ಬದುಕಿದ್ದಾರೆ.

ಅವರ ಖಾತೆಯಿಂದಲೇ ಮೆಸೇಜ್ ಬಂತು, ಬರೆದದ್ದು ಮಗಳು; ಆಸ್ಪತ್ರೆಯ ಓಡಾಟದಲ್ಲಿ ಆ ಫೋನ್ ತೆರೆದು ನೋಡಿದ್ದೇ ನಿನ್ನೆಯಂತೆ. ಕೂಡಲೇ ಫೋನ್ ಮಾಡಿದೆ. ಕೆಳಗಿನಿಂದ ಮೂರನೆಯ ಮೆಟ್ಟಿಲಲ್ಲಿ ಕೂತುಬಿಟ್ಟಿದ್ದರಂತೆ, ಏಳಲಾಗದೆ. ಅಂಗಡಿಯವರು, ಇವರು ಆವತ್ತಿನ ಜಗಳಕ್ಕೆ ಬಂದರು ಎಂದುಕೊಂಡೇ ಎದ್ದು ಹೋದರಂತೆ. ಇವರು ಮಾತಾಡದೆ ಫೋನ್ ಮುಂದೆ ಹಿಡಿದರಂತೆ. "ಅವರು ನಿಮ್ಮ ಮೆಸೇಜ್ ಓದಿ, ಅಂಗಡಿ ಬಾಗಿಲು ಹಾಗೇ ತೆಗೆದಿಟ್ಟು ಆಟೋದಲ್ಲಿ ಕರ್ಕೊಂಡು ಹೋಗಿದಾರೆ ಅಕ್ಕ. ಒಂದು ಗಂಟೆ ತಡ ಆಗಿದ್ರೆ ಕಷ್ಟ ಇತ್ತು ಅಂದ್ರು ಡಾಕ್ಟರ್."

ನಾನು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಅಕ್ಕ ಫೋನ್ ಕಿತ್ತುಕೊಂಡು ಉಳಿದದ್ದು ಕೇಳಿಸಿಕೊಂಡಳು.

ಉಳಿದದ್ದು ಚೆನ್ನಾಗಿಲ್ಲ. ಬಲಗೈ ಸ್ವಾಧೀನದಲ್ಲಿಲ್ಲ. ಮಾತಿಲ್ಲ. ಮಾತು ಕಲಿಸುವವರು ಬರುತ್ತಾರೆ, ಇವರು ಬಾಯಿ ತೆರೆಯುವುದಿಲ್ಲ. ಚಿತ್ರ ತೋರಿಸಿದರೆ ಕಣ್ಣು ಮುಚ್ಚುತ್ತಾರೆ. ಆದರೆ ಮಗಳು ನನ್ನ ಹಳೆಯ ಪೋಸ್ಟ್ ಒಂದನ್ನು ಓದಿ ಹೇಳಿದಾಗ ಹುಬ್ಬು ಗಂಟಿಕ್ಕಿದರಂತೆ. "ಏನೂ ಅಂದ್ಕೋಬೇಡಿ ಅಕ್ಕ. ದಿನಾ ಒಂದು ಗಂಟೆಗೆ ಏನಾದ್ರೂ ತಪ್ಪು ಬರೀತೀರಾ? ನಾನು ಓದಿ ಹೇಳ್ತೀನಿ."

ಮಾರ್ಚ್ 24, ಮಂಗಳವಾರ

ಒಂಬತ್ತನೆಯ ದಿನದ ತಪ್ಪು. ಸೋಮವಾರ 'ಹಾಸಿಗೆ ಇದ್ದಷ್ಟು ಕೈ ಚಾಚು' ಎಂದಿದ್ದೆ. ಇವತ್ತು 'ಹೆತ್ತವರಿಗೆ ಹೆಬ್ಬಾವು ಮುದ್ದು'. ಒಂಬತ್ತು ಸಾವಿರ ಜನ ಮುಗಿಬಿದ್ದು ತಿದ್ದುತ್ತಾರೆ. ಬೋರ್ಡ್ ಬರೆಯುವವಳಿಗೇ ಅಕ್ಷರಜ್ಞಾನ ಇಲ್ಲ, ಈಗ ಇವಳ ಸರದಿ ಎನ್ನುತ್ತಾರೆ. ಯಾರೋ ಧಣಿಗೂ ಕಳಿಸಿದ್ದಾರೆ. ಇನ್ನು ಮೇಲೆ ನನ್ನ ಪ್ರೂಫ್ ಇನ್ನೊಬ್ಬರು ನೋಡಬೇಕಂತೆ. ಇಪ್ಪತ್ತೆರಡು ವರ್ಷದ ಕೆಲಸ. ಆದರೂ ಕಾರಣ ಹೇಳಲಿಲ್ಲ. ಹೇಳಿದರೆ ಆ ಮನುಷ್ಯನ ವಿಷಯ ಗುಂಪಿನ ಬಾಯಿಗೆ ಬೀಳುತ್ತದೆ.

ಮಗಳ ಉತ್ತರ ದಿನಾ ಒಂದೇ: "ಕೇಳಿಸ್ಕೊಂಡ್ರು. ಏನೂ ಇಲ್ಲ."

ತಿದ್ದದೆ ಬಿಟ್ಟಾರೇ ಅವರು? ಅಂಥವರು ಬಿಡುತ್ತಿದ್ದಾರೆ ಎಂದರೆ ಒಳಗೆ ಎಷ್ಟು ಅಳಿಸಿಹೋಗಿದೆಯೋ.

ಏಪ್ರಿಲ್ 8, ಬುಧವಾರ

ಮಗಳು ತಾನಾಗಿ ಫೋನ್ ಮಾಡಿದಳು. ದನಿ ಬತ್ತಿತ್ತು. "ನಿನ್ನೆ ಓದೋಕೆ ಶುರು ಮಾಡಿದ ತಕ್ಷಣ ಗೋಡೆ ಕಡೆ ತಿರುಗಿಬಿಟ್ರು. ಎಡಗೈಯಲ್ಲಿ ಫೋನ್ ಕಿತ್ಕೊಂಡು ದಿಂಬಿನ ಕೆಳಗೆ ಇಟ್ಕೊಂಡಿದಾರೆ. ಇನ್ನು ಸಾಕು ಅನ್ಸುತ್ತೆ ಅಕ್ಕ. ನಿಮಗೂ ಕೆಟ್ಟ ಹೆಸರು."

ಅಕ್ಕನೂ ಸಾಕು ಬಿಡು ಎಂದಳು. ನನ್ನ ಡಬ್ಬಿ ಅವಳೇ ತೊಳೆದಿಟ್ಟಳು.

ಏಪ್ರಿಲ್ 9, ಗುರುವಾರ, ಮಧ್ಯಾಹ್ನ 1.05

ಸರಿಯಾಗಿ ಒಂದು ಗಂಟೆಗೆ ಬರೆದೆ, ತಪ್ಪೇನೂ ಬೆರೆಸದೆ: "ನಾನು ಸೋತೆ. ಮಾತು ಕೊಟ್ಟಂತೆ ಗುಂಪು ಬಿಡುತ್ತಿದ್ದೇನೆ."

ಡಬ್ಬಿ ಮುಚ್ಚಿದೆ. ಫೋನ್ ಬೋರಲು ಹಾಕಿದೆ. ಟಿಂಗ್ ಎಂದಿತು. ನೋಡಲು ಧೈರ್ಯವಾಗಲಿಲ್ಲ. ಆಮೇಲೆ ನೋಡಿದೆ.

ಪೂರ್ಣವಿರಾಮ. ಒಂದೇ ಪದ.

"ತಪ್ಪು."

ಚುಕ್ಕಿ ಇದೆ. ಎರಡು ಬೆರಳಿನಿಂದ ದೊಡ್ಡದು ಮಾಡಿ ನೋಡಿದೆ. ಇದೆ.

ಮಗಳಿಗೆ ಫೋನ್ ಮಾಡಿದೆ. ಅವಳು ರಜೆ ಮುಗಿಸಿ ಆಫೀಸಿನಲ್ಲಿದ್ದಾಳೆ. ಬರೆದದ್ದು ಅವಳಲ್ಲ. ಅಪ್ಪ ಈಗ ಅವಳ ಊರಿನ ಮನೆಯಲ್ಲಿ; ಅಲ್ಲಿ ನರ್ಸ್ ಇದ್ದಾರೆ, ಅವರಿಗೆ ನಮ್ಮ ಅಕ್ಷರವೇ ಬರುವುದಿಲ್ಲವಂತೆ.

ನಾನು ಬರೆದದ್ದನ್ನು ಮೂರು ಸಲ ಓದಿದೆ. ಅಕ್ಷರದಲ್ಲಿ ಎಲ್ಲೂ ತಪ್ಪಿಲ್ಲ. ಸೋತೆ ಎಂದದ್ದೇ ತಪ್ಪೆಂದರೇ? ಇಲ್ಲ, ಮತ್ತೆ ಆ ಕಿಟಕಿಯ ಥರವೇ? ಬಾಯಿಗೆ ಬಂದ ಪದವೇ? ಕೇಳದೆ ಇರಲಾರೆ. "ಎಲ್ಲಿ ತಪ್ಪು? ತೋರಿಸಿ" ಎಂದು ಬರೆದೆ.

ಓದಿದರು. ಮೂರು ಚುಕ್ಕಿ ಕುಣಿಯುತ್ತಿವೆ. ಬರೆಯುತ್ತಿದ್ದಾರೆ. ಎಡಗೈ.

ನಿಂತಿತು.

1.19. ಮತ್ತೆ ಕುಣಿಯುತ್ತಿವೆ. ಧಣಿ ಕರೆಯುತ್ತಿದ್ದಾರೆ, ಕರೆಯಲಿ. ನಿಂತಿತು. ಮತ್ತೆ ಬರೆಯುತ್ತಿದ್ದಾರೆ.