ಪಾಯಪ್ಪನ ಎಲುಬಿನೊಳಗಿನ ರಾಡು

ಬೆಲ್ಲದ ಬಾಗೇವಾಡಿ, ೨೦೦೩

ಜಿನದತ್ತಾ,

ನೀ ಎಲ್ಲಿ ಅಡಗೀದಿ ಗೊತ್ತಿಲ್ಲ. ಗೊತ್ತಾದರೂ ಈ ಪತ್ರ ಡಬ್ಬಿಗೆ ಹಾಕೂದಿಲ್ಲ. ನಿಮ್ಮಣ್ಣನ ಹೆಂಡತಿ, ನಿಮ್ಮ ವೈನಿ ಶುಭಾಂಗಿಯ ಅಣ್ಣಂದಿರು ಕುಡಗೋಲು ಹಿಡಕೊಂಡು ನಿನ್ನ ಹುಡುಕಾಕತ್ತಾರ; ನಿನ್ನ ವಿಳಾಸ ಅವರ ಕೈಗೆ ಸಿಗಬಾರದು.

ಇವತ್ತ ಗೋಕಾಕದ ದವಾಖಾನ್ಯಾಗ ನಿಮ್ಮಣ್ಣ ಪಾಯಪ್ಪನ ಕಾಲಿಗೆ ಆಪರೇಶನ್ ಆತು. ನೀ ಕಬ್ಬಿಣದ ಹಾರಿಲೆ ಹೊಡದಾಗ ಎಲುಬು ಚರ್ಮಾ ಹರಕೊಂಡು ಹೊರಗ ಬಂದಿತ್ತಲ್ಲ, ಅದ ಎಲುಬಿನ ಒಳಗ ಮೊಣಕಾಲಿನಿಂದ ಪಾದದ ಹತ್ತರದ ತನಕ ಉದ್ದನ್ನ ರಾಡು ಬಡದು ಇಳಿಸ್ಯಾರ. ಸೊಂಟದ ಕೆಳಗಷ್ಟ ಮರಗಟ್ಟಿಸಿದ್ರು, ಅಂವಗ ಎಚ್ಚರ ಇತ್ತು. ಸುತ್ತಿಗಿ ಏಟು ಬಾಗಲದ ಹೊರಗ ನನಗೂ ಕೇಳತಿತ್ತು. ಒಂದೊಂದ ಏಟಿಗೂ ನನ್ನ ಹಲ್ಲು ಕಡಕಡ ಅಂದವು.

ಆಪರೇಶನ್ ಮುಗದ ಮ್ಯಾಲ ಡಾಕ್ಟರು ನನ್ನ ಕೇಳಿದ್ರು, "ಇದು ಬಿದ್ದ ಪೆಟ್ಟಲ್ಲ. ಯಾರ ಹೊಡದ್ರವ್ವಾ?"

ಸ್ಟ್ರೆಚರ್ ಮ್ಯಾಲಿಂದ ಪಾಯಪ್ಪನೇ ಅಂದ, "ಯಾರೂ ಇಲ್ರಿ. ಮೋಟರ್‌ಸೈಕಲ್ ಮ್ಯಾಲಿಂದ ಬಿದ್ದೆ."

ಅಂವನ್ನ ವಾರ್ಡಿಗೆ ಒಯ್ದ ಮ್ಯಾಲ ಶುಭಾಂಗಿ ನನ್ನ ರಟ್ಟಿ ಹಿಡದು ಗ್ವಾಡಿಗೆ ದಬ್ಬಿ ಕಪಾಳಕ್ಕ ಹೊಡದ್ಳು. ತುಟಿ ಒಡದು ರಕ್ತ ಬಂತು.

"ನನ್ನ ಗಂಡ ಮುಚ್ಚಿಡತಾನ, ನಾ ಮುಚ್ಚಿಡೂದಿಲ್ಲ. ಹೊಲದ ಬದುವಿನ ಜಗಳದಾಗ 'ಹೊಡಿ ಅವನ ಕಾಲಿಗೆ' ಅಂತ ಸಣ್ಣ ಮಗನಿಗೆ ಒದರಿದಾವ್ರು ನೀವ ಅಲ್ಲೇನ್ರಿ?"

ಹೌದು, ಒದರಿದಾಕಿ ನಾನ. ಇನ್ನೊಂದು ಹೊಡೀಲಿ ಅಂತ ಕೈ ಅಡ್ಡ ತರದ ನಿಂತೆ. ಆಕಿ ಹೊಡೀಲಿಲ್ಲ. ವಾರ್ಡಿನೊಳಗ ಹೋಗಿ ಬಾಗಲಾ ಹಾಕ್ಕೊಂಡ್ಳು.

ನಿಮ್ಮಿಬ್ಬರ ಅವ್ವ,
ಜಿನ್ನವ್ವ