ಒಂದು ತಲೆ ಹೆಚ್ಚು

ಸವಣೂರು
ಸೋಮವಾರ, ೧೧ ನವೆಂಬರ್ ೨೦೨೪

ಮೊದಲು, ಈ ಲಕೋಟೆ ಒಡೆದು ಓದುತ್ತಿರುವ ಜೈಲಿನ ಸಾಹೇಬರಿಗೆ. ಕೈದಿಯ ಕಾಗದ ಓದುವುದು ನಿಮ್ಮ ನೌಕರಿ, ಓದಿರಿ. ಆದರೆ ಹೋದ ಸಲ ನನ್ನ ಕಾಗದದ ಮೇಲೆ ಚಹದ ಕಪ್ಪು ಇಟ್ಟು ಗುಂಡನೆಯ ಕಲೆ ಮಾಡಿದ್ದಿರಂತೆ, ನನ್ನ ಸೊಸೆ ನೋಡಿ ಬಂದು ಹೇಳಿದಳು. ಸರಕಾರ ನಿಮಗೆ ಒಂದು ಮೇಜನ್ನೂ ಕೊಟ್ಟಿಲ್ಲವೇ? ಅಕ್ಷರ ಸೊಟ್ಟಗಿವೆ ಎಂದು ನಗಬೇಡಿರಿ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಡಿಸಿದರು. ಬಿಡಿಸಿದವರು ಈಗ ಇಲ್ಲ, ಇದ್ದಿದ್ದರೆ ಅವರನ್ನೂ ಬೈಯುತ್ತಿದ್ದೆ. ಓದಿ ಮುಗಿದ ಕೂಡಲೇ ನನ್ನ ಮಗನ ಕೈಗೆ ಕೊಡಿರಿ. ಖಾನೆಯೊಳಗೆ ಹಾಕಿ ಮರೆತಿರೋ, ಯಲವಿಗಿಯಲ್ಲಿ ರೈಲು ಹತ್ತಿ ಬಂದೇಬಿಡುತ್ತೇನೆ.

ಚಿರಂಜೀವಿ ಮಹಾಂತೇಶ, ನಿನ್ನ ಅವ್ವನ ಆಶೀರ್ವಾದ.

ಬರೆಯಲು ತಡವಾಯಿತು, ತಪ್ಪು ನನ್ನದು. ಕನ್ನಡಕದ ಕಾಲು ಮುರಿದಿತ್ತು, ದಾರ ಕಟ್ಟಿಕೊಂಡು ಬರೆಯುತ್ತಿದ್ದೇನೆ. ಎಲ್ಲರೂ ಆರಾಮ ಇದ್ದೇವೆ. ತೋಟದಲ್ಲಿ ಎಲೆಬಳ್ಳಿ ಚೆನ್ನಾಗಿ ಹಬ್ಬಿದೆ. ನಿನ್ನ ಹೆಂಡತಿ ಶೈಲಾ ಆಳುಗಳಿಗಿಂತ ಮೊದಲು ತಾನೇ ಏಣಿ ಹತ್ತುತ್ತಾಳೆ. ನಿನ್ನ ಮಗಳು ಮಾಲಾ ಕಾಲೇಜಿಗೆ ಹೋಗುತ್ತಾಳೆ. ಅವಳಿಗೆ ಬಾಯಿ ಮಾತ್ರ ನನ್ನದೇ ಬಂದಿದೆ.

ಹೋದ ತಿಂಗಳು ಮುಜಾಫರ ವಕೀಲರು ಮನೆಗೆ ಬಂದರು. "ಅವ್ವಾರ, ಪೆರೋಲ್ ಅರ್ಜಿಗೆ ನಿಮ್ಮ ಮಗಾ ಸಹಿ ಮಾಡವಲ್ಲ ನೋಡ್ರಿ. ತಡಾ ಆದ್ರ ಮತ್ತ ವರ್ಷಗಟ್ಟಲೆ ಕಾಯಬೇಕಾಕ್ಕತಿ" ಎಂದರು. ಯಾಕೆಂದು ಶೈಲಾಳನ್ನು ಹಿಡಿದು ಕೇಳಿದೆ. ಅವಳು ಸೆರಗು ಹಿಂಡುತ್ತ, "ಅವ್ವ ಇರೋ ಮನಿಗೆ ನಾ ಬರಂಗಿಲ್ಲ ಅಂದ್ರು, ಅತ್ತಿ" ಎಂದಳು.

ಕೇಳಿ ಒಳಗೆ ಹೋಗಿ ಹಿಟ್ಟು ನಾದಿದೆ. ಏಳು ವರ್ಷದಿಂದ ನೀನು ನನಗೆ ಮುಖ ತೋರಿಸಿಲ್ಲ. ಶೈಲಾ ಬಂದರೆ ಭೇಟಿಗೆ ಬರುತ್ತೀ, ನಾನು ಬಂದರೆ ಮೈಯಲ್ಲಿ ಆರಾಮಿಲ್ಲ ಎಂದು ಹೇಳಿ ಕಳಿಸುತ್ತೀ. ಒಳಗೆ ಹೇಗೆ ಮಲಗುತ್ತೀ, ಏನು ಉಣ್ಣುತ್ತೀ, ನನಗೆ ಒಂದೂ ಗೊತ್ತಿಲ್ಲ. ಅಷ್ಟರಲ್ಲಿ ಹಾನಗಲ್ಲಿನ ಟಾಕೀಸಿಗೆ ಜೈಲಿನ ಸಿನೆಮಾ ಬಂದಿದೆ, ಅದರಲ್ಲಿ ದೆವ್ವವೂ ಇದೆ ಎಂದು ಮಾಲಾ ಹೇಳಿದಳು. 'ಒಂದು ತಲೆ ಹೆಚ್ಚು' ಎಂದು ಹೆಸರು. ದೆವ್ವ ಇರಲಿ ಬಿಡಲಿ, ಜೈಲಾದರೂ ನೋಡಿದಂತಾಯಿತು ಎಂದು ಅವಳನ್ನೇ ಕರೆದುಕೊಂಡು ಹೊರಟೆ. ಹಾನಗಲ್ಲಿನಲ್ಲಿರುವ ನನ್ನ ಗೆಳತಿ ಶಂಕ್ರವ್ವನೂ ಜೊತೆಗೆ ಬಂದಳು.

ಕತೆ ಕೇಳು. ಆ ಜೈಲಿನಲ್ಲಿ ದಿನಾ ಸಂಜೆ ಕೈದಿಗಳನ್ನು ಸಾಲಾಗಿ ನಿಲ್ಲಿಸಿ ಎಣಿಸುತ್ತಾರೆ. ಪುಸ್ತಕದಲ್ಲಿ ಅರವತ್ತು, ಸಾಲಿನಲ್ಲಿ ಅರವತ್ತೊಂದು. ಎಷ್ಟು ಸಲ ಎಣಿಸಿದರೂ ಒಂದು ತಲೆ ಹೆಚ್ಚು. ಹನ್ನೆರಡು ವರ್ಷದ ಹಿಂದೆ ಅಲ್ಲೇ ಸತ್ತು, ಹೆಣ ಒಯ್ಯಲು ಯಾರೂ ಬಾರದ ಒಬ್ಬ ಕೈದಿ ಬಂದು ತನ್ನ ಜಾಗದಲ್ಲಿ ನಿಲ್ಲುತ್ತಾನೆ. ತಾನು ಸತ್ತದ್ದು ಅವನಿಗೆ ಗೊತ್ತಿಲ್ಲ. ಭೇಟಿಗೆ ಮನೆಯವರು ಬರುತ್ತಾರೆ ಎಂದು ಇನ್ನೂ ಕಾಯುತ್ತಿದ್ದಾನೆ. ಇದು ಬಲು ಚಲೋ ಇತ್ತು, ಮಹಾಂತೇಶ. ಅವನು ಯಾರನ್ನೂ ಹೆದರಿಸುವುದಿಲ್ಲ, ತಾಟು ಹಿಡಿದು ಸುಮ್ಮನೆ ನಿಲ್ಲುತ್ತಾನೆ. ಮುದುಕ ಪೊಲೀಸನೊಬ್ಬ ತಿಳಿದೂ ತಿಳಿಯದವನಂತೆ ಒಂದು ರೊಟ್ಟಿ ಹೆಚ್ಚಿಗೆ ತರಲು ಶುರು ಮಾಡುತ್ತಾನೆ.

ಮಧ್ಯಂತರದ ನಂತರ ಕೆಡಿಸಿದರು. ಅಷ್ಟು ಹೊತ್ತು ಮರ್ಯಾದೆಯಿಂದ ನಿಂತಿದ್ದ ದೆವ್ವ ಗಾಳಿಯಲ್ಲಿ ಹಾರಿ ಜೈಲರನ ಕುತ್ತಿಗೆ ಹಿಡಿಯಿತು. ಕೈದಿಗಳ ಅಂಗಿ ಇಸ್ತ್ರಿ ಮಾಡಿದ್ದು, ರೊಟ್ಟಿ ಚಂದ್ರನ ಹಾಗೆ ಗುಂಡಗೆ. ಜೈಲಿನೊಳಗೆ ಹಾಡು ಬೇರೆ! ದೆವ್ವ ಕೂಗಿದಾಗ ಬೇರೆ ಊರಿನವರು ಬೆವತಿರಬೇಕು. ನಮ್ಮಲ್ಲಿ ಮುಂದಿನ ಸಾಲಿನವನೊಬ್ಬ ಎದ್ದು ನಿಂತು, "ಯಾರೂ ಹೆದರಬ್ಯಾಡ್ರಿ, ಅದು ನಮ್ಮ ಬಂಕಾಪುರದ ನವಿಲು!" ಎಂದ. ಅರ್ಧ ಸಿನೆಮಾ ನವಿಲು ತುಂಬಿದ ಅಲ್ಲಿನ ಕೋಟೆಯಲ್ಲೇ ತೆಗೆದದ್ದಂತೆ. ಟಾಕೀಸಿಗೆ ಟಾಕೀಸೇ ನಕ್ಕಿತು.

ಆ ಮೇಲೆ ಆ ದೆವ್ವದ ತಾಯಿ ಬಂದಳು; ಮಗ ಸತ್ತ ಸುದ್ದಿಯೇ ಅವಳಿಗೆ ಮುಟ್ಟಿರಲಿಲ್ಲವಂತೆ. ಆ ಕೈದಿ ಒಬ್ಬನನ್ನು ಕೊಂದು ಒಳಗೆ ಬಂದವನು. ಹಿಂದೆ ಕೋರ್ಟಿನಲ್ಲಿ ಅವಳು ದೇವರ ಮೇಲೆ ಆಣೆ ಮಾಡಿ, 'ನನ್ನ ಮಗ ಮನೆಯಲ್ಲೇ ಮಲಗಿದ್ದ' ಎಂದು ಸುಳ್ಳು ಹೇಳಿದ್ದನ್ನು ತೋರಿಸಿದರು. ಜನ ಚಪ್ಪಾಳೆ ಹೊಡೆದರು. ನನ್ನ ಹಿಂದಿನ ಹೆಣ್ಣುಮಗಳು, "ತಾಯಿ ಅಂದ್ರ ಹಿಂಗಿರಬೇಕ ನೋಡವಾ" ಎಂದಳು. ಶಂಕ್ರವ್ವ ತಿರುಗಿ ನನ್ನ ಮುಖ ನೋಡಿದಳು. ಮಾಲಾ ನನ್ನ ಕೈ ಹಿಡಿದುಕೊಂಡಳು.

ನಾನು ಸುಮ್ಮನಿರುವವಳೇ? ಹಿಂದೆ ತಿರುಗಿ ಕೇಳಿದೆ: "ಇವನ ಕೈಯಾಗ ಸತ್ತಾಂವಗೂ ಒಬ್ಬಾಕಿ ತಾಯಿ ಇದ್ದಳಲ್ಲೇ ತಂಗಿ? ಆಕಿನ್ನ ಈ ಸಿನೆಮಾದಾಗ ಎಲ್ಲಿ ಕುಂಡ್ರಿಸ್ಯಾರ?" ಆ ಸಿನೆಮಾದ ದೊಡ್ಡ ದೋಷ ಅದೇ. ಮೂರು ತಾಸಿನಲ್ಲಿ ಕೊಲೆಯಾದವನ ಮನೆಯ ಬಾಗಿಲನ್ನು ಒಂದು ಸಲವೂ ತೋರಿಸಲಿಲ್ಲ.

ನಿನ್ನ ಕೇಸು ನಡೆದಾಗ ನಾನು ಕೋರ್ಟಿನಲ್ಲಿ, ಕಂಡದ್ದನ್ನು ಕಂಡೆ ಎಂದೆ. ತೋಟದ ನೀರಿನ ಪಾಳಿಗೆ ಜಗಳವಾಯಿತು, ಪಕ್ಕದ ತೋಟದ ಉಳಿವೆಪ್ಪನ ತಲೆಗೆ ನೀನು ಸಲಿಕೆಯಿಂದ ಹೊಡೆದೆ, ಅವನು ಸತ್ತ. ಅವನ ತಾಯಿ ನಮ್ಮ ಓಣಿಯಲ್ಲೇ ಇದ್ದಾಳೆ. ಸುಳ್ಳು ಹೇಳಿ ಅವಳ ಮುಂದೆ ಹೇಗೆ ಓಡಾಡಲಿ? ನಾಳೆ ಕೋರ್ಟು ಮತ್ತೆ ಕರೆದರೂ ಅದನ್ನೇ ಹೇಳುತ್ತೇನೆ. ಸಿನೆಮಾದ ತಾಯಿ ಕೊನೆಗೆ, 'ನಿನ್ನನ್ನು ಉಳಿಸಲಾಗಲಿಲ್ಲ' ಎಂದು ದೆವ್ವವಾದ ಮಗನ ಕಾಲಿಗೆ ಬಿದ್ದು ಪ್ರಾಣ ಬಿಟ್ಟಳು. ನಾನು ಕಾಲಿಗೂ ಬೀಳುವುದಿಲ್ಲ, ಪ್ರಾಣವನ್ನೂ ಬಿಡುವುದಿಲ್ಲ, ಮನೆಯನ್ನೂ ಬಿಡುವುದಿಲ್ಲ. ನೀನು ಬಂದರೆ ನಾನು ಇರುವ ಮನೆಗೇ ಬರಬೇಕು. ಪೆರೋಲಿನ ಜಾಮೀನಿಗೆ ನನ್ನ ಹೆಸರನ್ನೇ ಕೊಟ್ಟಿದ್ದೇನೆ.

ಮೈ ಕಡೆ ಲಕ್ಷ್ಯ ಇರಲಿ, ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ಗಟ್ಟಿಯಾಗಿ ಇಡಲಿ.

ನಿನ್ನ ಅವ್ವ,
ಭರಮವ್ವ

ತಾ.ಕ.: ಸಹಿ ಹಾಕಿದ ಮೇಲೂ ಕೈ ನಿಲ್ಲಲೊಲ್ಲದು. ನೀನು ಹೊಡೆದದ್ದನ್ನು ಕೋರ್ಟಿಗೆ ಹೇಳಿದೆ, ಆಮೇಲಿನದನ್ನು ಹೇಳಲಿಲ್ಲ. ಸಲಿಕೆ ಒಗೆದು ನೀನು ಉಳಿವೆಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಅಂಗಿ ಬಿಚ್ಚಿ ಗಾಯಕ್ಕೆ ಒತ್ತಿ ಹಿಡಿದು, "ಅಣ್ಣಾ, ಕಣ್ಣ ತಗಿಯೋ" ಎಂದು ಅಳುತ್ತಿದ್ದೆ. ಅದನ್ನೂ ನಾನು ಕಂಡಿದ್ದೆ. ಕೇಳಿದ್ದಕ್ಕಷ್ಟೇ ಉತ್ತರ ಹೇಳಬೇಕು ಎಂದು ಸರಕಾರಿ ವಕೀಲರು ಹೇಳಿದ್ದರು, ಅವರು ಅದನ್ನು ಕೇಳಲೇ ಇಲ್ಲ. ನಾಲ್ಕು ವರ್ಷದ ಶಾಲೆಯಲ್ಲಿ ನಾನು ಗಟ್ಟಿಯಾಗಿ ಕಲಿತದ್ದು ಅದೊಂದೇ, ಕೇಳದೆ ಬಾಯಿ ತೆಗೆಯಬಾರದು ಎನ್ನುವುದು. ನೀನು ಕಟಕಟೆಯಲ್ಲಿ ನಿಂತು ನನ್ನ ಬಾಯನ್ನೇ ನೋಡುತ್ತಿದ್ದೆ. ನೀನು ಕಾದದ್ದು ಸುಳ್ಳಿಗಲ್ಲ, ಉಳಿದ ಅರ್ಧ ಮಾತಿಗೆ. ಅದು ನನಗೆ ಹೊಳೆದದ್ದು ಈ ಸಿನೆಮಾದಲ್ಲಿ ತಾಟು ಹಿಡಿದು ಕಾಯುವವನನ್ನು ನೋಡಿ ಬಂದ ಮೇಲೆ.

ನಿನ್ನೆ ಮುಜಾಫರ ವಕೀಲರಿಗೆ ಎಲ್ಲ ಹೇಳಿದೆ. "ಈಗ ಹೇಳಿದ್ರ ಶಿಕ್ಷೆ ಕಡಿಮಿ ಆಗಂಗಿಲ್ಲರಿ" ಎಂದರು. ಆಗದಿದ್ದರೆ ಬಿಡಲಿ. ಅಲ್ಲಿಂದ ನೆಟ್ಟಗೆ ಉಳಿವೆಪ್ಪನ ಮನೆಗೆ ಹೋಗಿ ಅವನ ತಾಯಿಗೂ ಹೇಳಿದೆ. ಅವಳು ಹೊಸ್ತಿಲ ಮೇಲೆ ಕುಳಿತಳು. ಆಮೇಲೆ, "ನನ್ನ ಮಗಾ ಒಬ್ಬಂಟಿ ಆಗಿ ಸತ್ತಿದ್ದಿಲ್ಲ ಹಂಗಾರ" ಎಂದು ಒಳಗೆ ಹೋಗಿ ನನಗೆ ಒಂದು ತಂಬಿಗೆ ನೀರು ತಂದುಕೊಟ್ಟಳು. ಕುಡಿದು ಬಂದೆ.

ಅರ್ಜಿಗೆ ಸಹಿ ಮಾಡು. ಮಾಡದಿದ್ದರೆ ಯಾಕೆ ಮಾಡಲಿಲ್ಲ ಎಂದು ನಿನ್ನ ಕೈಯಿಂದಲೇ ಬರೆ. ಮುಂದಿನ ತಿಂಗಳು ಹುಟ್ಟುವುದರೊಳಗೆ ನನಗೆ ಉತ್ತರ ಬರಬೇಕು.